ರಬ್ಬರ್ ಬ್ಯಾಂಡಿನ ತುಂಟತನ, ಸಿಪಾಯಿಯ ಪ್ಯಾಂಟು

ಸಿಪಾಯಿಗಳ ಪ್ಯಾಂಟು ಬೂಟಿನ ಮೇಲೆ ಗುಂಡಗೆ ಉಬ್ಬಿ ನಿಂತಿರುತ್ತದಲ್ಲ, ಅದನ್ನು ಬೂಟಿನೊಳಗೆ ತುರುಕಿದ್ದಾರೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನೀವೇ ತುರುಕಿ ನೋಡಿ. ಮಂಡಿ ಮಡಚಿದಾಗಲೆಲ್ಲ ಬಟ್ಟೆ ಮೇಲಕ್ಕೆ ಜಗ್ಗುತ್ತದೆ, ಸ್ವಲ್ಪ ಹೊತ್ತಿಗೆ ಒಂದು ಕಡೆ ಹೊರಗೆ ಬಂದಿರುತ್ತದೆ. ಗುಟ್ಟು ಇರುವುದು ಒಂದು ರಬ್ಬರ್ ಬ್ಯಾಂಡಿನಲ್ಲಿ. ಬೂಟಿನ ಬಾಯಿಯ ಸುತ್ತ ಬ್ಯಾಂಡ್ ಹಾಕಬೇಕು. ಪ್ಯಾಂಟಿನ ತುದಿಯನ್ನು ಒಳಮುಖವಾಗಿ ಮಡಚಿ ಅದರಡಿ ಸಿಕ್ಕಿಸಬೇಕು. ಮೇಲಿನ ಬಟ್ಟೆ ತಾನಾಗಿಯೇ ಇಳಿದು ಬ್ಯಾಂಡನ್ನು ಮುಚ್ಚಿಕೊಳ್ಳುತ್ತದೆ.

ಎನ್‌ಸಿಸಿಯಲ್ಲಿದ್ದಾಗ ನಾನು ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ, ಬೂಟಿನ ಮೇಲೆ ಹಾಕದೆ ಕಾಲಿಗೇ ಹಾಕಿಕೊಂಡಿದ್ದೆ. ಅರ್ಧ ಗಂಟೆಗೆ ಪಾದ ಜೋಮು ಹಿಡಿಯಿತು. ಕೆಂಪು ಬರೆ ಸಂಜೆಯಾದರೂ ಹೋಗಲಿಲ್ಲ. ತಪ್ಪು ಬಿಗಿಯದ್ದು ಮಾತ್ರ ಅಲ್ಲ, ಅಗಲದ್ದೂ ಹೌದು. ಅದೇ ಎಳೆತದ ಪಟ್ಟಿ ಹತ್ತು ಪಟ್ಟು ಅಗಲವಾಗಿದ್ದರೆ ಚರ್ಮದ ಮೇಲಿನ ಒತ್ತಡ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಪಟ್ಟಿ ಅಂದೆ ನೋಡಿ. ಬ್ರಿಟಿಷ್ ಸೈನಿಕರು ಮೊದಲ ಮಹಾಯುದ್ಧದಲ್ಲಿ ಕಾಲಿಗೆ ಸುತ್ತುತ್ತಿದ್ದ ಉದ್ದನೆಯ ಉಣ್ಣೆಬಟ್ಟೆಗೆ ಇಂಗ್ಲಿಷಿನಲ್ಲಿ ‘ಪಟ್ಟೀ’ ಅಂತಲೇ ಹೆಸರು. ಹಿಂದಿಯಿಂದ ಹೋದ ಪದ, ನಮ್ಮದೂ ಅದೇ ಪಟ್ಟಿ. ಭಾರತದಲ್ಲಿದ್ದ ಸೈನ್ಯ ಇಲ್ಲಿಂದ ಕಲಿತದ್ದು. ಅಗಲವಾಗಿದ್ದರೂ ಕಂದಕಗಳ ಕೆಸರಿನಲ್ಲಿ ಅದೂ ಕೈಕೊಟ್ಟಿತು. ಬಿಗಿಯಾಗಿ ಸುತ್ತಿದ ಪಟ್ಟಿ, ಚಳಿ, ಒದ್ದೆ ಎಲ್ಲ ಸೇರಿ ಎಷ್ಟೋ ಜನರ ಪಾದ ಕೊಳೆಯಿತು.

ಸರಿ, ರಬ್ಬರ್ ಯಾಕೆ ಎಳೆಯುತ್ತದೆ? ಸ್ಪ್ರಿಂಗಿನ ಹಾಗೆ ಅನ್ನಬೇಡಿ, ಅಲ್ಲೇ ಎಡವುವುದು. ಉಕ್ಕಿನ ಸ್ಪ್ರಿಂಗ್ ಎಳೆದರೆ ಪರಮಾಣುಗಳ ನಡುವಿನ ದೂರವೇ ಬದಲಾಗುತ್ತದೆ. ರಬ್ಬರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿರುವುದು ಬೇಯಿಸಿದ ಶ್ಯಾವಿಗೆಯಂತೆ ಸಿಕ್ಕುಸಿಕ್ಕಾದ ಉದ್ದುದ್ದ ಅಣುಗಳು. ಎಳೆದರೆ ನೆಟ್ಟಗಾಗುತ್ತವೆ, ಅಷ್ಟೇ. ಆದರೆ ಸುಮ್ನೆ ಇರುವುದಿಲ್ಲ. ಒಂದನೇ ಕ್ಲಾಸಿನ ಮೂವತ್ತು ಮಕ್ಕಳನ್ನು ಕೈಕೈ ಹಿಡಿಸಿ ನೆಟ್ಟಗೆ ಸಾಲು ನಿಲ್ಲಿಸಿ. ಎರಡು ತುದಿಗೂ ಒಬ್ಬೊಬ್ಬ ಮೇಷ್ಟ್ರು. ಮಕ್ಕಳು ಅತ್ತ ಇತ್ತ ಕುಣಿದಂತೆ ಸಾಲು ಡೊಂಕಾಗುತ್ತದೆ, ಮೇಷ್ಟ್ರಿಬ್ಬರೂ ಒಳಕ್ಕೆ ಜಗ್ಗಿಸಿಕೊಳ್ಳುತ್ತಾರೆ. ಯಾವ ಮಗುವೂ ಬೇಕಂತ ಎಳೆದಿಲ್ಲ. ನೆಟ್ಟಗಿರಲು ದಾರಿ ಒಂದೇ, ಡೊಂಕಾಗಲು ಸಾವಿರ. ಜೇಬಿನಲ್ಲಿಟ್ಟ ಇಯರ್‌ಫೋನ್ ವೈರು ಗಂಟಾಗುವುದೂ ಇದೇ ಲೆಕ್ಕದಲ್ಲಿ.

ಪರೀಕ್ಷೆ ಬೇಕಾ? ಅಗಲದ ರಬ್ಬರ್ ಬ್ಯಾಂಡನ್ನು ಸರಕ್ಕನೆ ಎಳೆದು ಮೇಲ್ತುಟಿಗೆ ಮುಟ್ಟಿಸಿ. ಬೆಚ್ಚಗಿರುತ್ತದೆ. ಸ್ವಲ್ಪ ಹೊತ್ತು ಹಾಗೇ ಹಿಡಿದು ಸಡಿಲ ಬಿಟ್ಟು ಮತ್ತೆ ಮುಟ್ಟಿಸಿ, ತಣ್ಣಗೆ! 1805ರಲ್ಲಿ ಇದನ್ನು ಬರೆದಿಟ್ಟವರು ಇಂಗ್ಲೆಂಡಿನ ಜಾನ್ ಗಫ್. ಚಿಕ್ಕಂದಿನಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡಿದ್ದರು. ಅವರೂ ತುಟಿಗೇ ಮುಟ್ಟಿಸಿ ನೋಡಿದ್ದು.

ಅಂದಮೇಲೆ ಕಾವು ಹೆಚ್ಚಿದಷ್ಟೂ ಮಕ್ಕಳ, ಅಂದರೆ ರಬ್ಬರಿನ ಅಣುಗಳ, ಕುಣಿತ ಜಾಸ್ತಿ, ಎಳೆತವೂ ಜಾಸ್ತಿ. ಬೆಳಗ್ಗೆ 27 ಡಿಗ್ರಿಯಲ್ಲಿ ಹಾಕಿದ ಬ್ಯಾಂಡ್ 42 ಡಿಗ್ರಿಯ ಬಿಸಿಲಿಗೆ ಹೆಚ್ಚುಕಡಿಮೆ ಶೇಕಡಾ 5ರಷ್ಟು ಬಿಗಿಯಾಗುತ್ತದೆ. ಬಿಸಿಗೆ ಸಡಿಲವಾಗುತ್ತೆ ಅಂತಲೇ ನಾವೆಲ್ಲ ನಂಬಿದ್ದೆವು, ಅಲ್ವಾ?

ಬ್ರಿಟಿಷ್ ಸೈನಿಕರು ಉಬ್ಬು ಚೆನ್ನಾಗಿ ಕೂರಲಿ ಅಂತ ಪ್ಯಾಂಟಿನೊಳಗೆ ಸಣ್ಣ ಸರಪಳಿಯನ್ನೋ ಸೀಸದ ತುಂಡನ್ನೋ ಬಿಟ್ಟುಕೊಳ್ಳುವುದೂ ಇತ್ತು. ಸರಪಳಿಗೆ ಬಿಸಿಲು ಚಳಿಯ ಹಂಗಿಲ್ಲ, ತೂಕ ಯಾವಾಗಲೂ ಅಷ್ಟೇ. ಆದರೆ ಅದು ಬಟ್ಟೆಯನ್ನು ಕೆಳಕ್ಕೆ ಜಗ್ಗಬಲ್ಲದೇ ಹೊರತು ಬಾಯಿ ಬಿಗಿಯಲಾರದು. ಕಾಡಿನಲ್ಲಿ ಜಿಗಣೆ ಒಳಗೆ ನುಗ್ಗಬಾರದು ಅಂದರೆ ಕೆಳಗೆ ಒಂದು ಕಟ್ಟು ಇರಲೇಬೇಕು.