ಎಟಿಪಿ ಸಾಲದು, ಬಿಸಿಲು ಜಾಸ್ತಿ: ಕ್ಲೋರೋಪ್ಲಾಸ್ಟ್ ಎರಡನ್ನೂ ನಿಭಾಯಿಸುವ ಬಗೆ

ದ್ಯುತಿಸಂಶ್ಲೇಷಣೆ ಅಧ್ಯಾಯದ ಝಡ್ ಆಕಾರದ ಚಿತ್ರವನ್ನು ನಾವೆಲ್ಲ ಉರು ಹೊಡೆದಿರುತ್ತೇವೆ. ನೀರಿನಿಂದ ಹೊರಟ ಎಲೆಕ್ಟ್ರಾನ್ ಪಿಎಸ್ 2, ಪಿಎಸ್ 1 ಎಂಬ ಬೆಳಕು ಹಿಡಿಯುವ ಎರಡು ಪ್ರೋಟೀನ್ ಗುಂಪುಗಳನ್ನು ದಾಟಿ ಕೊನೆಗೆ ಎಲೆಕ್ಟ್ರಾನ್ ಹೊರುವ ಅಣುವಾದ ಎನ್‌ಎಡಿಪಿಎಚ್ ಸೇರುತ್ತದೆ, ದಾರಿಯಲ್ಲಿ ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯೂ ಆಗುತ್ತದೆ. ಸರಿ, ಎಷ್ಟು ಎಟಿಪಿ? ಅದು ಸಕ್ಕರೆ ಕಟ್ಟುವ ಕ್ಯಾಲ್ವಿನ್ ಚಕ್ರಕ್ಕೆ ಸಾಕಾ? ಈ ಲೆಕ್ಕವನ್ನು ಒಮ್ಮೆ ಕೈಯಾರೆ ಹಾಕಿ ನೋಡಿ.

ಒಂದು ಕಾರ್ಬನ್ ಡೈಆಕ್ಸೈಡ್ ಅಣುವನ್ನು ಸಕ್ಕರೆಯ ದಾರಿಗೆ ಹಚ್ಚಲು 3 ಎಟಿಪಿ, 2 ಎನ್‌ಎಡಿಪಿಎಚ್ ಬೇಕು. 2 ಎನ್‌ಎಡಿಪಿಎಚ್‌ಗೆ 4 ಎಲೆಕ್ಟ್ರಾನ್, ಅಂದರೆ ಎರಡು ನೀರಿನ ಅಣು ಒಡೆಯಬೇಕು. ಆಗ ಕ್ಲೋರೋಪ್ಲಾಸ್ಟ್ ಒಳಗಿನ ಥೈಲಕಾಯ್ಡ್ ಎಂಬ ಚೀಲದ ಒಳಜಾಗಕ್ಕೆ, ಅಂದರೆ ಲ್ಯೂಮೆನ್‌ಗೆ, ನೀರಿನಿಂದ 4 ಪ್ರೋಟಾನ್ ಬೀಳುತ್ತವೆ. ಪಿಎಸ್ 2 ಮತ್ತು ಪಿಎಸ್ 1ರ ನಡುವೆ ಎಲೆಕ್ಟ್ರಾನ್ ದಾಟಿಸುವ ಸೈಟೋಕ್ರೋಮ್ ಬಿ6ಎಫ್ ಎಂಬ ಪ್ರೋಟೀನ್ ಗುಂಪು ಇನ್ನೂ 8 ಸೇರಿಸುತ್ತದೆ. ಒಟ್ಟು 12. ಪ್ರೋಟಾನ್ ಹರಿವಿನಿಂದ ಎಟಿಪಿ ಮಾಡುವ ಕಿಣ್ವ ಎಟಿಪಿ ಸಿಂಥೇಸ್. ಪಾಲಕ್ ಸೊಪ್ಪಿನಲ್ಲಿ ಅದರ ತಿರುಗುವ ಬಳೆಯಲ್ಲಿ 14 ಉಪಘಟಕಗಳಿವೆ. ಹಾಗಾಗಿ ಒಂದು ಸುತ್ತಿಗೆ 14 ಪ್ರೋಟಾನ್ ಖರ್ಚು, 3 ಎಟಿಪಿ ಹುಟ್ಟುವಳಿ. ನಮ್ಮ 12 ಪ್ರೋಟಾನ್‌ಗೆ ಸಿಗುವುದು ಸುಮಾರು 2.57 ಎಟಿಪಿ. ಬೇಕಾದದ್ದು 3.

ಕೊರತೆ ಚಿಕ್ಕದು ಅನ್ನಿಸಬಹುದು. ಆದರೆ ಎಟಿಪಿ ಸಾಲದೆ ಚಕ್ರ ನಿಧಾನವಾದರೆ ಎನ್‌ಎಡಿಪಿಎಚ್ ಖರ್ಚಾಗದೆ ಉಳಿಯುತ್ತದೆ. ಖಾಲಿ ಎನ್‌ಎಡಿಪಿ ಸಿಗದೆ ಹಿಂದಿನ ಎಲೆಕ್ಟ್ರಾನ್‌ಗಳೆಲ್ಲ ಸಿಕ್ಕಿಹಾಕಿಕೊಳ್ಳುತ್ತವೆ. ಬಿಸಿಲೇನೂ ನಿಲ್ಲುವುದಿಲ್ಲವಲ್ಲ!

ಇಲ್ಲಿ ಬರುತ್ತದೆ ಚಕ್ರೀಯ ಎಲೆಕ್ಟ್ರಾನ್ ಹರಿವು. ಪಿಎಸ್ 1ರಿಂದ ಹೊರಟ ಎಲೆಕ್ಟ್ರಾನ್ ಎನ್‌ಎಡಿಪಿಗೆ ಹೋಗದೆ ಹಿಂದಕ್ಕೆ ತಿರುಗಿ ಬಿ6ಎಫ್ ಮೂಲಕ ಮತ್ತೆ ಪಿಎಸ್ 1ಕ್ಕೆ ಬರುತ್ತದೆ. ಎನ್‌ಎಡಿಪಿಎಚ್ ಆಗುವುದಿಲ್ಲ, ಪ್ರೋಟಾನ್ ಮಾತ್ರ ಒಳಗೆ ಸೇರುತ್ತದೆ. ಪಿಯು ಪುಸ್ತಕದಲ್ಲಿ ಇದನ್ನು 680 ನ್ಯಾನೋಮೀಟರ್‌ಗಿಂತ ಉದ್ದದ ಬೆಳಕಷ್ಟೇ ಇದ್ದಾಗಲೂ ನಡೆಯುವ ಕ್ರಿಯೆ ಎಂದು ಹೇಳಿ ಮುಗಿಸುತ್ತಾರೆ. ಪರೀಕ್ಷೆಗೆ ಹಾಗೇ ಬರೆಯಿರಿ, ತಪ್ಪಲ್ಲ. ಆದರೆ ಅದು ಯಾವುದೋ ಅಪರೂಪದ ಅಡ್ಡದಾರಿ ಅಂದುಕೊಳ್ಳಬೇಡಿ. ಜೋಳದ ಎಲೆಯನ್ನೇ ನೋಡಿ. ಅದರ ನಾಳಗಳನ್ನು ಸುತ್ತುವರಿದ ಬಂಡಲ್ ಶೀತ್ ಕೋಶಗಳ ಕ್ಲೋರೋಪ್ಲಾಸ್ಟ್‌ನಲ್ಲಿ ಗ್ರಾನಾ (ಥೈಲಕಾಯ್ಡ್‌ಗಳ ಅಟ್ಟಿ) ಇಲ್ಲವೆನ್ನುವಷ್ಟು ಕಡಿಮೆ, ಪಿಎಸ್ 2 ಕೂಡ ತೀರಾ ಕಡಿಮೆ. ಎನ್‌ಎಡಿಪಿಎಚ್‌ನ ಒಂದು ಪಾಲು ಪಕ್ಕದ ಮೀಸೋಫಿಲ್ ಕೋಶದಿಂದ ಬರುವ ಮ್ಯಾಲೇಟ್‌ನಿಂದ ಸಿಗುತ್ತದೆ. ಎಟಿಪಿಗೆ ಮಾತ್ರ ಈ ಕೋಶಗಳು ಹೆಚ್ಚಾಗಿ ಚಕ್ರೀಯ ಹರಿವನ್ನೇ ನಂಬಿಕೊಂಡಿವೆ.

ಈಗ ಎರಡನೇ ತೊಂದರೆ, ಬಿಸಿಲು. ನಡುಹಗಲಲ್ಲಿ ಒಂದು ಚದರ ಮೀಟರ್‌ಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಫೋಟಾನ್ ಬೀಳುತ್ತವೆ. ಭತ್ತ, ಸೋಯಾ ತರಹದ ಸಿ3 ಎಲೆ ಅದರ ಅರ್ಧವನ್ನೂ ಬಳಸಲಾರದು. ಮಿಕ್ಕ ಶಕ್ತಿ ಪತ್ರಹರಿತ್ತಿನಲ್ಲೇ ಉಳಿದರೆ ಅಪಾಯಕಾರಿ ರೂಪದ ಆಕ್ಸಿಜನ್ ಹುಟ್ಟುತ್ತದೆ, ಪಿಎಸ್ 2ರ ಡಿ1 ಪ್ರೋಟೀನ್ ಹಾಳಾಗುತ್ತದೆ.

ಎಲೆಗೆ ಬಿಸಿಲು ಜಾಸ್ತಿಯಾಯಿತೆಂದು ಗೊತ್ತಾಗುವುದು ಹೇಗೆ? ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಲ್ಯೂಮೆನ್ ಅನ್ನು ಒಂದು ಜಲಾಶಯ ಅಂದುಕೊಳ್ಳಿ. ಪ್ರೋಟಾನ್ ಹರಿದು ಎಟಿಪಿ ಸಿಂಥೇಸ್ ಎಂಬ ಟರ್ಬೈನ್ ತಿರುಗುತ್ತದೆ. ಒಳಹರಿವು ಹೆಚ್ಚಾಗಿ ಟರ್ಬೈನ್‌ಗೆ ಸಂಭಾಳಿಸಲು ಆಗದಿದ್ದರೆ ಮಟ್ಟ ಏರುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ಆದರೆ ಇಲ್ಲಿ ಗೇಟು ತೆಗೆದು ಹೊರಗೆ ಬಿಡುವುದಿಲ್ಲ, ಒಳಹರಿವನ್ನೇ ತಗ್ಗಿಸುತ್ತದೆ. ಎಟಿಪಿ ಮಾಡುವ ಅದೇ ಪ್ರೋಟಾನ್ ರಾಶಿ ಎಚ್ಚರಿಕೆಯ ಗಂಟೆಯೂ ಹೌದು.

ಪಿಎಚ್ ಇಳಿದಾಗ ಮೂರು ಕೆಲಸ ಶುರುವಾಗುತ್ತವೆ. ಪಿಎಸ್‌ಬಿಎಸ್ ಎಂಬ ಪ್ರೋಟೀನ್ ಬೆಳಕು ಹಿಡಿಯುವ ಆಂಟೆನಾವನ್ನು ಶಾಖ ಚೆಲ್ಲುವ ಸ್ಥಿತಿಗೆ ತರುತ್ತದೆ. ವಯೋಲಾಕ್ಸಾಂಥಿನ್ ವರ್ಣಕವನ್ನು ಒಂದು ಕಿಣ್ವ ಝಿಯಾಕ್ಸಾಂಥಿನ್ ಮಾಡುತ್ತದೆ (ಮೆಕ್ಕೆಜೋಳದ ಕಾಳಿನ ಹಳದಿಯಲ್ಲೂ ಇದೇ ಇದೆ). ಅದು ಶಾಖವಾಗಿ ಹೋಗುವ ಪಾಲನ್ನು ಇನ್ನೂ ಹೆಚ್ಚಿಸುತ್ತದೆ. ಹೀಗೆ ಮಿಕ್ಕ ಬೆಳಕಿನ ಶಕ್ತಿಯನ್ನು ಶಾಖವಾಗಿ ಚೆಲ್ಲುವುದಕ್ಕೆ ಎನ್‌ಪಿಕ್ಯೂ ಎನ್ನುತ್ತಾರೆ, ಇವೆರಡೂ ಸೇರಿದ್ದೇ ಅದರ ಮುಖ್ಯ ಭಾಗ. ಮೂರನೆಯದನ್ನು ಹಲವರು ಓದದೇ ಬಿಡುತ್ತಾರೆ: ಬಿ6ಎಫ್ ತಾನೇ ನಿಧಾನವಾಗುತ್ತದೆ. ಇದರಿಂದ ಪಿಎಸ್ 1ರ ಕಡೆಗೆ ಎಲೆಕ್ಟ್ರಾನ್ ನುಗ್ಗುವುದು ತಪ್ಪುತ್ತದೆ. ಡಿ1 ಹಾಳಾದರೆ ಹೊಸದು ಬೇಗ ಬರುತ್ತದೆ, ಪಿಎಸ್ 1 ಹಾಳಾದರೆ ರಿಪೇರಿ ಬಹಳ ನಿಧಾನ.

ಎರಡೂ ತೊಂದರೆಗಳಿಗೆ ನಂಟಿದೆ ಅನ್ನುವುದಕ್ಕೆ ಪಿಜಿಆರ್5 ಸಾಕ್ಷಿ. ಈ ಪ್ರೋಟೀನ್ ಇಲ್ಲದ ಅರಾಬಿಡಾಪ್ಸಿಸ್ (ಪ್ರಯೋಗಾಲಯಗಳಲ್ಲಿ ಬಳಸುವ ಪುಟ್ಟ ಸಸ್ಯ) ಗಿಡದ ವಿವರ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಕ್ರೀಯ ಹರಿವು ಕುಗ್ಗುತ್ತದೆ. ಪ್ರೋಟಾನ್ ಸಾಕಷ್ಟು ಸೇರದೆ ಎನ್‌ಪಿಕ್ಯೂ ಕೂಡ ಏಳುವುದಿಲ್ಲ. ಒಂದೇ ಸಮ ಬೆಳಕಿನಲ್ಲಿ ಹೇಗೋ ಬದುಕುವ ಈ ಸಸಿಗಳು, ಬೆಳಕು ಪದೇ ಪದೇ ಏರಿಳಿದರೆ ಸಾಯುತ್ತವೆ.

ಒಂದು ಕೊರತೆ ಮಾತ್ರ ಉಳಿಯುತ್ತದೆ. ಎನ್‌ಪಿಕ್ಯೂ ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಮೋಡ ಬಂದು ಬೆಳಕು ಕಡಿಮೆಯಾದ ಮೇಲೂ ಎಲೆ ಇನ್ನೂ ಕೆಲವು ನಿಮಿಷ ಶಕ್ತಿಯನ್ನು ಸುಮ್ನೆ ಶಾಖವಾಗಿ ಕಳೆಯುತ್ತಲೇ ಇರುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ ಮೂರು ಜೀನ್‌ಗಳ ಪ್ರಮಾಣ ಹೆಚ್ಚಿಸಿ, ಈ ಇಳಿಕೆಯನ್ನು ಚುರುಕುಗೊಳಿಸಿದ ತಂಬಾಕು ಗಿಡಗಳ ಒಣತೂಕ ಹೊಲದಲ್ಲೇ ಸುಮಾರು ಶೇ 15 ಜಾಸ್ತಿಯಾಯಿತು. ಇದು ಪ್ರಕಟವಾದದ್ದು 2016ರಲ್ಲಿ. 2022ರಲ್ಲಿ ಸೋಯಾದಲ್ಲೂ ಇಳುವರಿ ಹೆಚ್ಚಿದ ವರದಿ ಬಂತು. ಇಷ್ಟು ಸುಲಭವಾಗಿದ್ದರೆ ಗಿಡಗಳೇ ಯಾವಾಗಲೋ ಮಾಡಿಕೊಳ್ಳುತ್ತಿದ್ದವು, ಅಲ್ವಾ? ಅದೇ ಮೂರು ಜೀನ್‌ಗಳನ್ನು ಅರಾಬಿಡಾಪ್ಸಿಸ್‌ನಲ್ಲಿ ಹೆಚ್ಚಿಸಿದಾಗ, ಬದಲಾಗುವ ಬೆಳಕಿನಲ್ಲಿ ಗಿಡ ಹೆಚ್ಚು ಬೆಳೆಯುವ ಬದಲು ಕಡಿಮೆ ಬೆಳೆಯಿತು.