ಅಪರೂಪದ ಕ್ಯಾನ್ಸರ್: ರೋಗಿಗಳ ಗುಂಪಿಗೆ ಹೋದರೆ ಧೈರ್ಯ ಬರುತ್ತದೆಯೇ, ಭಯ ಹೆಚ್ಚುತ್ತದೆಯೇ?

ಪ್ರಶ್ನೆ: ನನ್ನ ಪತಿಗೆ ಸಣ್ಣ ಕರುಳಿನಲ್ಲಿ ನ್ಯೂರೋಎಂಡೋಕ್ರೈನ್ ಗಡ್ಡೆ ಇದೆಯೆಂದು ಎರಡು ತಿಂಗಳ ಹಿಂದೆ ಗೊತ್ತಾಯಿತು. ಇದೇ ಕಾಯಿಲೆಯವರು ತಿಂಗಳಿಗೊಮ್ಮೆ ಸೇರುತ್ತಾರಂತೆ. ಇವರಿಗೆ ಹೋಗಲು ಮನಸ್ಸಿಲ್ಲ. ‘ಇನ್ನೊಬ್ಬರ ಸಂಕಟ ಕೇಳಿ ನನಗೇನಾಗಬೇಕು’ ಅನ್ನುತ್ತಾರೆ. ಹೋದರೆ ನಿಜವಾಗಿ ಉಪಯೋಗವಿದೆಯೇ?

ಉತ್ತರ: ಇದೆ. ಆದರೆ ಹೋಗುವ ಮುನ್ನ ಅವರ ಬಯಾಪ್ಸಿ ವರದಿಯನ್ನು ಒಮ್ಮೆ ಕೂತು ಓದಿಕೊಳ್ಳಿ. ಇಂಥ ಸಭೆಗಳಿಂದ ಹೆದರಿ ಮನೆಗೆ ಬರುವವರಲ್ಲಿ ಹೆಚ್ಚಿನವರು ತಮ್ಮದಲ್ಲದ ಕಾಯಿಲೆಯ ಕತೆಯನ್ನು ತಮ್ಮದೆಂದುಕೊಂಡು ಬಂದವರು.

ನ್ಯೂರೋಎಂಡೋಕ್ರೈನ್ ಗಡ್ಡೆ ಅಂದರೆ ಹಾರ್ಮೋನ್ ತಯಾರಿಸುವ ಬಗೆಯ ಕೋಶಗಳಲ್ಲಿ ಹುಟ್ಟುವ ಗಡ್ಡೆ. ಅದು ಅಪರೂಪದ ಕ್ಯಾನ್ಸರ್. ವರ್ಷಕ್ಕೆ ಲಕ್ಷ ಜನರಲ್ಲಿ 6ಕ್ಕಿಂತ ಕಡಿಮೆ ಮಂದಿಗೆ ಹೊಸದಾಗಿ ಬರುವ ಕ್ಯಾನ್ಸರನ್ನು ಯುರೋಪಿನಲ್ಲಿ ಅಪರೂಪದ್ದೆಂದು ಎಣಿಸುತ್ತಾರೆ. ಇಷ್ಟು ವಿರಳವಾದ ಕಾಯಿಲೆಯಾದರೆ ಗುಂಪು ಕಟ್ಟಲು ಜನ ಸಾಲುವುದಿಲ್ಲ. ಹಾಗಾಗಿ ಕರುಳು, ಮೇದೋಜ್ಜೀರಕ ಗ್ರಂಥಿ, ಶ್ವಾಸಕೋಶ ಎಲ್ಲೇ ಹುಟ್ಟಿದ್ದರೂ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಹೆಸರು ಒಂದೇ, ಕಾಯಿಲೆಯ ನಡೆ ಬೇರೆ ಬೇರೆ. ಹೆಸರಿನ ಗೊಂದಲ ಹಳೆಯದು. 1907ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಇವಕ್ಕೆ ‘ಕಾರ್ಸಿನಾಯ್ಡ್’, ಅಂದರೆ ಕ್ಯಾನ್ಸರಿನಂಥದ್ದು, ಎಂದು ಹೆಸರಿಟ್ಟರು. ಇವು ಹರಡಲೂಬಹುದು ಎಂದು 1929ರಲ್ಲಿ ಅವರೇ ತಿದ್ದಿಕೊಂಡರು, ಹೆಸರು ಮಾತ್ರ ಉಳಿದುಬಿಟ್ಟಿತು. ‘ಇದು ನಿಜವಾದ ಕ್ಯಾನ್ಸರ್ ಅಲ್ಲ ಬಿಡಿ’ ಎಂದು ಸಭೆಯಲ್ಲಿ ಯಾರಾದರೂ ಸಮಾಧಾನ ಹೇಳಿದರೆ ಅದನ್ನು ನಂಬಿಕೊಂಡು ತಪಾಸಣೆ ತಪ್ಪಿಸಬೇಡಿ.

ಒಂದು ಚೀಟಿಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ಗಡ್ಡೆ ಮೊದಲು ಹುಟ್ಟಿದ್ದು ಎಲ್ಲಿ, ಗ್ರೇಡ್ (ಬೆಳೆಯುವ ವೇಗದ ದರ್ಜೆ) ಎಷ್ಟು, ಕೆಐ-67 ಶೇಕಡಾ ಎಷ್ಟು, ಎಲ್ಲೆಲ್ಲಿಗೆ ಹರಡಿದೆ, ಹಾರ್ಮೋನ್ ಸುರಿಸುತ್ತಿದೆಯೇ, ಗ್ಯಾಲಿಯಂ ಡೋಟಟೇಟ್ ಸ್ಕ್ಯಾನಿನಲ್ಲಿ ಬೆಳಗಿದೆಯೇ. ಬೆಳಗುವುದು ಅಂದರೆ, ಸ್ಕ್ಯಾನಿಗಾಗಿ ಚುಚ್ಚಿದ ವಿಕಿರಣ ದ್ರವ್ಯ ಗಡ್ಡೆಗೆ ಅಂಟಿಕೊಂಡು ಚಿತ್ರದಲ್ಲಿ ಕಾಣುವುದು. ಕೆಐ-67 ಅಂದರೆ ವಿಭಜನೆಯ ಹಾದಿಯಲ್ಲಿರುವ ಕೋಶಗಳ ಪ್ರಮಾಣ. ಜೀರ್ಣಾಂಗದ ಗಡ್ಡೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರ್ಗೀಕರಣದಲ್ಲಿ ಅದು ಶೇ. 3ಕ್ಕಿಂತ ಕಡಿಮೆಯಿದ್ದರೆ ಗ್ರೇಡ್ 1, 3ರಿಂದ 20ರವರೆಗೆ ಗ್ರೇಡ್ 2, 20 ದಾಟಿದರೆ ಗ್ರೇಡ್ 3. ಕೋಶಗಳು ವಿಭಜನೆಯಾಗುತ್ತಿರುವ ಎಣಿಕೆಯನ್ನೂ ನೋಡುತ್ತಾರೆ, ಎರಡರಲ್ಲಿ ಮೇಲಿನದ್ದೇ ಗ್ರೇಡ್. ವರದಿಯಲ್ಲಿ ‘ನ್ಯೂರೋಎಂಡೋಕ್ರೈನ್ ಕಾರ್ಸಿನೋಮ’ ಎಂದಿದ್ದರೆ ಅದು ಬೇರೆಯೇ, ತೀವ್ರವಾಗಿ ಬೆಳೆಯುವ ಬಗೆ. ಪಕ್ಕದಲ್ಲಿ ಕೂತವರು ಕೀಮೋದಿಂದ ಆದ ಪಾಡು ಹೇಳುತ್ತಿರುವಾಗ ಈ ಚೀಟಿ ನೋಡಿ. ಅವರದು ಮೇದೋಜ್ಜೀರಕದ ಗ್ರೇಡ್ 3, ನಿಮ್ಮವರದು ಕರುಳಿನ ಗ್ರೇಡ್ 1 ಆಗಿದ್ದರೆ ಅವರ ದಾರಿ ನಿಮ್ಮದಲ್ಲ. ಅವರ ಮಾತನ್ನು ಅಕ್ಕರೆಯಿಂದ ಕೇಳಿ, ಆದರೆ ನಿಮ್ಮ ಮನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಉಪಯೋಗ ಸಿಗುವುದು ಚಿಕ್ಕ ಚಿಕ್ಕ ವಿವರಗಳಲ್ಲಿ. ಗಡ್ಡೆ ಸುರಿಸುವ ಹಾರ್ಮೋನನ್ನು ತಗ್ಗಿಸಲು ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದಿನ ಉದಾಹರಣೆಯನ್ನೇ ನೋಡಿ. ದೀರ್ಘಕಾಲ ಕೆಲಸ ಮಾಡುವ ಆಕ್ಟ್ರಿಯೋಟೈಡನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆಯಿಂದ ಒಂದು ಗಂಟೆ ಹೊರಗಿಟ್ಟು, ಆಮೇಲೆ ಕಲಸಿ, ಕಲಸಿದ ಕೂಡಲೇ ಪೃಷ್ಠದ ಸ್ನಾಯುವಿಗೆ ಆಳವಾಗಿ ಕೊಡಬೇಕು. ಕಲಸಿ ಹಾಗೇ ಬಿಟ್ಟರೆ ಪುಡಿ ತಳಕ್ಕೆ ಕೂರುತ್ತದೆ, ಸೂಜಿ ಕಟ್ಟಿಕೊಳ್ಳುತ್ತದೆ, ಪೂರ್ತಿ ಡೋಸ್ ಒಳಗೆ ಹೋಗುವುದಿಲ್ಲ. ಆ ತಿಂಗಳು ಭೇದಿ, ಮುಖ ಕೆಂಪೇರುವುದು ಮರುಕಳಿಸಿದರೆ ‘ಮದ್ದು ಕೆಲಸ ಬಿಟ್ಟಿತು’ ಎಂದುಕೊಳ್ಳುವ ಮೊದಲು ಚುಚ್ಚಿದ ಕ್ರಮವನ್ನು ವಿಚಾರಿಸಬೇಕು. ಇದೇ ಬಗೆಯ ಇನ್ನೊಂದು ಮದ್ದು ಲ್ಯಾನ್ರಿಯೋಟೈಡ್ ಆದರೆ ಅದು ಸ್ನಾಯುವಿಗಲ್ಲ, ಚರ್ಮದ ಕೆಳಗೆ ಆಳಕ್ಕೆ, ನಿಧಾನವಾಗಿ. ಒಮ್ಮೆ ಎಡ, ಮುಂದಿನ ಬಾರಿ ಬಲ. ಇಂಥ ಮದ್ದು ಕೊಟ್ಟು ಅಭ್ಯಾಸವಿಲ್ಲದ ನರ್ಸ್ ಎದುರಾದಾಗ ಏನು ಹೇಳಬೇಕೆಂದು ಹಳಬರಿಗೆ ಗೊತ್ತಿರುತ್ತದೆ.

ಪರೀಕ್ಷೆಗಳ ವಿಷಯವೂ ಹೀಗೇ. 24 ಗಂಟೆಯ ಮೂತ್ರ ಸಂಗ್ರಹಿಸಿ 5-ಎಚ್‌ಐಎಎ (ಗಡ್ಡೆ ಸುರಿಸುವ ಸೆರೊಟೋನಿನ್ ಹಾರ್ಮೋನ್ ಒಡೆದು ಉಳಿಯುವ ವಸ್ತು) ನೋಡುವಾಗ ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟು ತಿಂದಿದ್ದರೆ ಅಂಕಿ ಸುಮ್ಮನೆ ಏರಿಬಿಡುತ್ತದೆ. ಎರಡು ಮೂರು ದಿನ ಮೊದಲೇ ಬಿಟ್ಟು, ಸಂಗ್ರಹ ಮುಗಿಯುವವರೆಗೂ ಪಥ್ಯ ಪಾಲಿಸಬೇಕು. ಗಡ್ಡೆಯ ಸುಳಿವು ನೋಡುವ ಕ್ರೋಮೋಗ್ರಾನಿನ್-ಎ ರಕ್ತಪರೀಕ್ಷೆಯ ಅಂಕಿಯನ್ನು ಒಮಿಪ್ರಜೋಲ್‌ನಂಥ ಆ್ಯಸಿಡಿಟಿ ಮಾತ್ರೆಗಳೂ ಏರಿಸುತ್ತವೆ, ಮೂತ್ರಪಿಂಡ ಸೊರಗಿದ್ದರೂ ಏರುತ್ತದೆ. ಇದನ್ನು ತಿಳಿಯದೆ ರಾತ್ರಿಯೆಲ್ಲ ನಿದ್ದೆಗೆಟ್ಟವರಿದ್ದಾರೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಪರೀಕ್ಷೆಗೆ ಮೊದಲು ವೈದ್ಯರನ್ನು ಕೇಳಿ. ಹಾರ್ಮೋನ್ ಸುರಿಸುವ ಗಡ್ಡೆಯಿದ್ದವರಿಗೆ ಶಸ್ತ್ರಚಿಕಿತ್ಸೆ, ಅರಿವಳಿಕೆಯ ಹೊತ್ತಿನಲ್ಲಿ ರಕ್ತದೊತ್ತಡ ಹಠಾತ್ ಏರಿಳಿಯುವ ಅಪಾಯವಿದೆ. ಆದ್ದರಿಂದ ಹಲ್ಲು ಕೀಳಿಸುವುದಕ್ಕೂ ಮೊದಲು ಕಾಯಿಲೆಯ ಹೆಸರು ಹೇಳಲೇಬೇಕು.

ಇನ್ನು ಮನಸ್ಸಿನ ಮಾತು. ಗುಂಪಿಗೆ ಹೋದರೆ ಆಯುಷ್ಯ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಅದರ ಹಿಂದೆ ಒಂದು ಅಧ್ಯಯನವಿದೆ. ಹರಡಿದ ಸ್ತನ ಕ್ಯಾನ್ಸರಿನ 86 ಮಹಿಳೆಯರಲ್ಲಿ, ಗುಂಪಿಗೆ ಹೋದವರು ಹೋಗದವರ ಸುಮಾರು ಎರಡರಷ್ಟು ಕಾಲ ಬದುಕಿದರು ಎಂದು ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದ್ದರು. ಕೆನಡಾದಲ್ಲಿ 235 ಮಹಿಳೆಯರೊಡನೆ ನಡೆಸಿ 2001ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಆಯುಷ್ಯದ ಲಾಭ ಕಾಣಲಿಲ್ಲ. ಆದರೆ ದುಗುಡ ಇಳಿಯಿತು, ನೋವಿನ ತೀವ್ರತೆ ಕಡಿಮೆ ಅನ್ನಿಸಿತು, ಅದೂ ಮೊದಲೇ ಹೆಚ್ಚು ಕಂಗೆಟ್ಟಿದ್ದವರಲ್ಲಿ. ಅಷ್ಟು ಸಿಕ್ಕಿದರೂ ಅದು ಸಣ್ಣ ಲಾಭವಲ್ಲ.

ಎಲ್ಲ ಗುಂಪುಗಳೂ ಚೆನ್ನಾಗಿರುವುದಿಲ್ಲ. ನಡೆಸುವವರು ಪಳಗಿದ ಆಪ್ತಸಮಾಲೋಚಕರೋ ಕ್ಯಾನ್ಸರ್ ನರ್ಸೋ ಆಗಿದ್ದರೆ ಒಬ್ಬರೇ ಮುಕ್ಕಾಲು ಗಂಟೆ ಮಾತಾಡಲು ಬಿಡುವುದಿಲ್ಲ, ಮೌನವಾಗಿರುವವರನ್ನು ಬಲವಂತಪಡಿಸುವುದಿಲ್ಲ. ಎಂಟು ಹತ್ತು ಜನ, ಒಂದೂವರೆ ಗಂಟೆ, ಇದು ಮಾತಿಗೆ ಹದವಾದ ಅಳತೆ. ಸದಸ್ಯರೊಬ್ಬರು ತೀರಿಕೊಂಡಾಗ ವಿಷಯ ಮುಚ್ಚಿಡುವ ಗುಂಪಿನಲ್ಲಿ ಖಾಲಿ ಕುರ್ಚಿ ಇನ್ನೂ ಹೆಚ್ಚು ಹೆದರಿಸುತ್ತದೆ. ಹೆಸರು ಹೇಳಿ ನೆನೆಯುವ ಗುಂಪು ಮೇಲು. ಪುಡಿ, ಕಷಾಯ, ಯಂತ್ರ ಏನನ್ನೇ ಮಾರಲು ಬಂದವರನ್ನು ತಡೆಯದ ಗುಂಪಿನಿಂದ ಎದ್ದು ಬನ್ನಿ. ಮೊಬೈಲಿನ ಗುಂಪಿಗೆ ವರದಿಯ ಚಿತ್ರ ಹಾಕುವುದಾದರೆ ಹೆಸರು, ಹುಟ್ಟಿದ ದಿನ, ಆಸ್ಪತ್ರೆಯ ನಂಬರ್, ಕ್ಯೂಆರ್ ಕೋಡ್ ಎಲ್ಲವನ್ನೂ ಮುಚ್ಚಿ.

ತಜ್ಞರ ಉಪನ್ಯಾಸವಿದ್ದ ದಿನ ಪ್ರಶ್ನೆಯನ್ನು ಮೊದಲೇ ಬರೆದುಕೊಳ್ಳಿ. ‘ನಮಗೇನು ಮಾಡಬೇಕು?’ ಎಂದು ಕೇಳಿದರೆ ‘ನಿಮ್ಮ ವೈದ್ಯರನ್ನು ಕೇಳಿ’ ಎಂಬುದಷ್ಟೇ ಉತ್ತರ ಬರುತ್ತದೆ, ವರದಿ ನೋಡದೆ ಅವರು ಬೇರೇನು ಹೇಳಿಯಾರು? ‘ಕರುಳಿನ ಗ್ರೇಡ್ 1, ಯಕೃತ್ತಿಗೆ ಹರಡಿದೆ, ಡೋಟಟೇಟ್ ಸ್ಕ್ಯಾನಿನಲ್ಲಿ ಬೆಳಗಿದೆ. ಇಂಥವರಿಗೆ ಲುಟೀಶಿಯಂ ಚಿಕಿತ್ಸೆಯನ್ನು ಯಾವ ಹಂತದಲ್ಲಿ ಯೋಚಿಸುತ್ತೀರಿ?’ ಎಂದರೆ ಉತ್ತರಕ್ಕೆ ಹಿಡಿತ ಸಿಗುತ್ತದೆ. ಲುಟೀಶಿಯಂ ಅಂದರೆ ರಕ್ತನಾಳದ ಮೂಲಕ ಕೊಟ್ಟು ಗಡ್ಡೆಯನ್ನು ಒಳಗಿನಿಂದಲೇ ಸುಡುವ ವಿಕಿರಣ ಮದ್ದು. ಆ ಚಿಕಿತ್ಸೆ ಪಡೆದವರು ಕೋಣೆಯಲ್ಲಿದ್ದರೆ ಅವರನ್ನೂ ಕೇಳಿ. ಎಂಟು ವಾರಕ್ಕೊಂದರಂತೆ ನಾಲ್ಕು ಡೋಸ್, ಆ ದಿನದ ಓಕರಿಕೆ ಬಹುಪಾಲು ಮೂತ್ರಪಿಂಡ ಕಾಯಲು ಹರಿಸುವ ಅಮೈನೋ ಆಮ್ಲದ ಡ್ರಿಪ್ಪಿನಿಂದ ಬರುತ್ತದೆ.

ನಿಮ್ಮ ಪತಿಯನ್ನು ಎಳೆದುಕೊಂಡು ಹೋಗಬೇಡಿ. ಮೊದಲ ಸಲ ನೀವೊಬ್ಬರೇ ಹೋಗಿ, ಆರೈಕೆ ಮಾಡುವವರಿಗೆ ಬೇರೆ ಕೂಟವಿದೆಯೇ ಎಂದು ಕೇಳಿ. ಅವರು ಬರಲೊಪ್ಪಿದ ದಿನ ‘ಇವತ್ತು ಬರೀ ಕೇಳುತ್ತಾರೆ’ ಎಂದು ನಡೆಸುವವರಿಗೆ ಮುಂಚೆಯೇ ತಿಳಿಸಿ, ಬಾಗಿಲ ಬಳಿಯ ಕುರ್ಚಿ ಹಿಡಿಯಿರಿ. ವಿಡಿಯೊ ಸಭೆಯಾದರೆ ಕ್ಯಾಮೆರಾ ಮುಚ್ಚಿರಲಿ. ಎರಡು ವಾರಕ್ಕೂ ಮೀರಿ ನಿದ್ದೆಯಿಲ್ಲ, ಊಟ ಬೇಡ, ಬದುಕೇ ಸಾಕು ಎಂಬ ಮಾತು ಬರುತ್ತಿದ್ದರೆ ಅದು ಗುಂಪಿಗೆ ಬಿಡುವ ಕೆಲಸವಲ್ಲ. ಮುಂದಿನ ತಿಂಗಳ ಸಭೆಗೆ ಕಾಯದೆ ಅವರ ವೈದ್ಯರಿಗೆ ಅಂದೇ ಹೇಳಿ.