ಸರ್ಕಾರಿ ದಾಖಲೆ ಬದಲಾಗುವವರೆಗೆ ಹಳೆಯ ಹೆಸರೇ ಗತಿಯೇ?

ಪ್ರಶ್ನೆ: ನಾನು ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿ. ಸರ್ಕಾರಿ ಗುರುತಿನ ದಾಖಲೆಗಳಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಅವು ಬದಲಾಗುವವರೆಗೆ ವಿಶ್ವವಿದ್ಯಾಲಯದಲ್ಲೂ ಕಾಯಲೇಬೇಕೇ?

ಉತ್ತರ: ಎಲ್ಲದಕ್ಕೂ ಕಾಯಬೇಕಿಲ್ಲ. ಹಾಜರಿ ಪಟ್ಟಿ, ಇಮೇಲ್, ಗ್ರಂಥಾಲಯದ ಕಾರ್ಡ್, ಆನ್‌ಲೈನ್ ತರಗತಿ ಇವುಗಳಲ್ಲಿ ಹೆಸರು ಇರುವುದು ನಿಮ್ಮನ್ನು ಕರೆಯುವುದಕ್ಕೆ. ಇಂಥ ಕಡೆ ಬಳಕೆಯ ಹೆಸರನ್ನು ನಮೂದಿಸಲು ಅನೇಕ ವಿಶ್ವವಿದ್ಯಾಲಯಗಳು ಅವಕಾಶ ಕೊಟ್ಟಿವೆ. ಅದಕ್ಕೆ ಸಾಮಾನ್ಯವಾಗಿ ಒಂದು ಅರ್ಜಿ ಸಾಕು. ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಹೊರಗಿನವರು ಗುರುತಿನ ದಾಖಲೆಯೊಂದಿಗೆ ತಾಳೆ ನೋಡುವುದರಿಂದ ಅಲ್ಲಿ ಹೆಚ್ಚಾಗಿ ಕಾನೂನುಬದ್ಧ ಹೆಸರನ್ನೇ ಕೇಳುತ್ತಾರೆ. ಲಿಂಗದ ನಮೂದಿಗೆ ಆಯಾ ದೇಶದ ಕಾನೂನು ಅನ್ವಯಿಸುತ್ತದೆ. ಅರ್ಜೆಂಟೀನಾದ 2012ರ ಕಾನೂನಿನಂತೆ ಸ್ವಂತ ಘೋಷಣೆಯೇ ಸಾಕು. ಬೇರೆ ಕೆಲವೆಡೆ ವೈದ್ಯಕೀಯ ಪ್ರಮಾಣಪತ್ರ ಬೇಕು.

ನಿಜವಾದ ತೊಡಕು ಅರ್ಜಿ ಮಂಜೂರಾದ ಮೇಲೆ ಎದುರಾಗುತ್ತದೆ. ಪ್ರವೇಶದ ದಿನ ಬರೆಸಿದ ಹೆಸರು ಅಷ್ಟರಲ್ಲಿ ಪರೀಕ್ಷಾ ವಿಭಾಗ, ವಸತಿನಿಲಯ, ಶುಲ್ಕದ ತಂತ್ರಾಂಶ ಎಲ್ಲದಕ್ಕೂ ನಕಲಾಗಿರುತ್ತದೆ. ಇಮೇಲ್‌ನಲ್ಲಿ ಕಾಣುವ ಹೆಸರು ಬದಲಾದರೂ ಹಳೆಯ ಹೆಸರಿನ ಅಕ್ಷರಗಳಿಂದಲೇ ಮಾಡಿದ ಲಾಗಿನ್ ಐಡಿ ಹಾಗೆಯೇ ಉಳಿಯುತ್ತದೆ. ಪರೀಕ್ಷೆಯ ಬೆಳಗ್ಗೆ ಕೊಠಡಿಯ ಬಾಗಿಲಿಗೆ ಅಂಟಿಸಿದ ಆಸನಪಟ್ಟಿಯಲ್ಲಿ ಹಳೆಯ ಹೆಸರು ಕಂಡರೆ, ಯಾರಿಗೆ ಯಾವಾಗ ಹೇಳಬೇಕು ಎಂದು ವಿದ್ಯಾರ್ಥಿ ತಾನೇ ನಿರ್ಧರಿಸಬೇಕಾದ ವಿಷಯ ಸಹಪಾಠಿಗಳೆಲ್ಲರ ಮುಂದೆ ಬಯಲಾಗುತ್ತದೆ. ಇದನ್ನು ಗುಮಾಸ್ತರ ಸಣ್ಣ ಕಣ್ತಪ್ಪೆಂದು ತಳ್ಳಿಹಾಕುವುದು ಅನ್ಯಾಯ.

ಆದ್ದರಿಂದ ಯಾವ ಯಾವ ವಿಭಾಗದಲ್ಲಿ ಹೆಸರು ಬದಲಾಗುತ್ತದೆ, ಹಳೆಯ ಹೆಸರನ್ನು ಇನ್ನು ಮುಂದೆ ಯಾರು ನೋಡಬಲ್ಲರು ಎಂದು ಕುಲಸಚಿವರ ಕಚೇರಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಲಾಗಿನ್ ಐಡಿಯ ಬದಲಾವಣೆಯನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಮನೆಯವರಿಗೆ ವಿಷಯ ತಿಳಿಸಿಲ್ಲವಾದರೆ ಅರ್ಜಿ ಕೊಡುವ ಮೊದಲೇ ಇನ್ನೊಂದು ಪ್ರಶ್ನೆ ಕೇಳಬೇಕು: ಮನೆಯ ವಿಳಾಸಕ್ಕೆ ಹೋಗುವ ಶುಲ್ಕದ ರಸೀದಿ, ಫಲಿತಾಂಶದ ಪತ್ರಗಳಲ್ಲಿ ಯಾವ ಹೆಸರು ಇರುತ್ತದೆ? ಎಷ್ಟೋ ಅರ್ಜಿ ನಮೂನೆಗಳಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ. ವಿದ್ಯಾರ್ಥಿಯ ಸುರಕ್ಷತೆ ಕೆಲವೊಮ್ಮೆ ಇದರ ಮೇಲೆಯೇ ನಿಂತಿರುತ್ತದೆ.

ಸಂಶೋಧನಾ ವಿದ್ಯಾರ್ಥಿಗಳು ಪ್ರಕಟಿತ ಲೇಖನಗಳನ್ನೂ ಮರೆಯಬಾರದು. ಸಂಶೋಧಕರನ್ನು ಅವರ ಲೇಖನಗಳೊಂದಿಗೆ ಜೋಡಿಸುವ ಆರ್ಕಿಡ್ (ORCID) ಎಂಬ 16 ಅಂಕಿಗಳ ಗುರುತಿನ ಸಂಖ್ಯೆ, ಹೆಸರು ಬದಲಾದರೂ ಬದಲಾಗುವುದಿಲ್ಲ. 2020ರಿಂದೀಚೆಗೆ ಹಲವು ದೊಡ್ಡ ಪ್ರಕಾಶಕರು ತಿದ್ದುಪಡಿಯ ಸೂಚನೆ ಹಾಕದೆಯೇ ಹಳೆಯ ಲೇಖನಗಳಲ್ಲಿ ಲೇಖಕರ ಹೆಸರನ್ನು ಬದಲಿಸಿಕೊಡುತ್ತಿದ್ದಾರೆ.

ಕಾನೂನುಬದ್ಧ ದಾಖಲೆ ಕೈಸೇರಿದ ಮೇಲೆ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಹೊಸದಾಗಿ ಮುದ್ರಿಸಿಕೊಡುವಂತೆ ಕೇಳಿ. ಹಳೆಯ ಪ್ರತಿಯ ಮೇಲೆ ‘ಹಿಂದಿನ ಹೆಸರು’ ಎಂಬ ಷರಾ ಬರೆದು ಕೊಟ್ಟರೆ ಮುಂದಿನ ಪ್ರತಿಯೊಂದು ಉದ್ಯೋಗ ಸಂದರ್ಶನದಲ್ಲೂ ಅದಕ್ಕೆ ವಿವರಣೆ ಕೊಡಬೇಕಾಗುತ್ತದೆ.